ಒಂದೇ ಸಬ್ಬತ್, ಹಲವು ನಿಷ್ಠೆಗಳು

ಯಹೂದಿಗಳ ಶನಿವಾರದ ಬೆಳಗಿನ ಪ್ರಾರ್ಥನೆಯಲ್ಲಿ, ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನು ಓದಿ ಮುಗಿಸಿ ಮತ್ತೆ ಪವಿತ್ರ ಕಪಾಟಿನೊಳಗೆ ಇರಿಸುವ ಮೊದಲು, ನೆರೆದವರು ತಾವು ಬಾಳುತ್ತಿರುವ ನಾಡಿನ ಅರಸನ ಅಥವಾ ಸರ್ಕಾರದ ಕ್ಷೇಮಕ್ಕಾಗಿ ಬೇಡಿಕೊಳ್ಳುವ ಸಂಪ್ರದಾಯ ಬಹುಕಾಲದಿಂದ ನಡೆದುಬಂದಿದೆ. ಬಾಬಿಲೋನಿಗೆ ಸೆರೆಯಾಗಿ ಹೋದ ಜನರಿಗೆ, ಹೋಗಿ ಸೇರಿದ ಊರಿನ ಒಳಿತನ್ನೇ ಬಯಸುವಂತೆ ಪ್ರವಾದಿ ಯೆರೆಮೀಯನು ಬರೆದು ಕಳುಹಿಸಿದ ಬುದ್ಧಿಮಾತಿನಲ್ಲಿ ಇದರ ಬೇರನ್ನು ಕಾಣುವುದು ವಾಡಿಕೆ. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ಅಲ್ಲಿನ ಮುಖ್ಯ ರಬ್ಬಿಗಳು, ಅಂದರೆ ಧರ್ಮಶಾಸ್ತ್ರದ ಅಧಿಕೃತ ಗುರುಗಳು, ಹೊಸ ರಾಷ್ಟ್ರಕ್ಕಾಗಿ ಹೊಸದೊಂದು ಪ್ರಾರ್ಥನೆಯನ್ನು ರೂಪಿಸಿದರು. ಅದನ್ನು ಕೆಲವು ಸಿನಗಾಗ್‌ಗಳಲ್ಲಿ, ಅಂದರೆ ಪ್ರಾರ್ಥನಾ ಮಂದಿರಗಳಲ್ಲಿ, ಎಲ್ಲರೂ ಎದ್ದುನಿಂತು ಹೇಳುತ್ತಾರೆ, ಕೆಲವೆಡೆ ಮಾತುಗಳನ್ನು ತಿದ್ದಿಕೊಂಡು ಹೇಳುತ್ತಾರೆ, ಇನ್ನು ಕೆಲವೆಡೆ ಅದರ ಸದ್ದೇ ಇಲ್ಲದೆ ಸುರುಳಿ ಕಪಾಟು ಸೇರುತ್ತದೆ. ಲಂಡನ್ನಿನ ಅನೇಕ ಮಂದಿರಗಳಲ್ಲಿ ಬ್ರಿಟಿಷ್ ರಾಜಮನೆತನಕ್ಕೂ ಇಸ್ರೇಲಿಗೂ ಒಂದರ ಹಿಂದೊಂದರಂತೆ ಹರಕೆ ಸಲ್ಲುತ್ತದೆ. ಯಹೂದಿಗಳ ಊರುಗಳನ್ನು ಒಂದೊಂದಾಗಿ ನೋಡುತ್ತ ಹೋಗುವವರಿಗೆ, ಒಂದು ಸಭೆಯ ರಾಜಕೀಯ ಮನಸ್ಸನ್ನು ತಿಳಿಯಲು ಆ ಕೆಲವು ನಿಮಿಷಗಳಿಗಿಂತ ಒಳ್ಳೆಯ ಗಳಿಗೆ ಸಿಗಲಾರದು. ಆಚರಣೆ ಬಿಗಿಯಾದಷ್ಟೂ ರಾಷ್ಟ್ರಾಭಿಮಾನ ಹೆಚ್ಚುತ್ತದೆ, ಅದು ಸಡಿಲವಾದಷ್ಟೂ ಇದೂ ಸಡಿಲವಾಗುತ್ತದೆ ಎಂದು ಹೊರಗಿನವರು ಇಟ್ಟುಕೊಳ್ಳುವ ಲೆಕ್ಕ ಅಲ್ಲಿ ಮೊದಲ ವಾರವೇ ತಪ್ಪುತ್ತದೆ.

ಜೆರುಸಲೇಮಿನಲ್ಲಿ ಶುಕ್ರವಾರದ ಮಧ್ಯಾಹ್ನ ಯಾಫಾ ರಸ್ತೆಯ ಮಹನೆ ಯೆಹೂದಾ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಡೆಯಂತೆ ಹೆಣೆದು ಬೇಯಿಸಿದ ಹಲ್ಲಾ ಎಂಬ ರೊಟ್ಟಿ, ಮೀನು, ದಾಳಿಂಬೆ, ಎಳ್ಳಿನ ಹಲ್ವಾ ಇವುಗಳಿಗಾಗಿ ಕರಿ ಕೋಟಿನ ಹಿರಿಯರೂ ಹೆಗಲಿಗೆ ಬಂದೂಕು ತಗುಲಿಸಿಕೊಂಡ ಯುವ ಸೈನಿಕರೂ ಒಂದೇ ಅಂಗಡಿಯ ಮುಂದೆ ನೂಕಾಡುತ್ತಾರೆ. ಹೊತ್ತು ಇಳಿಯುತ್ತಿದ್ದಂತೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಟ್ರಾಮ್ ನಿಲ್ಲುತ್ತದೆ, ಸಬ್ಬತ್ ಬಂತೆಂದು ಸಾರುವ ಸೈರನ್ ಊರಿನ ಮೇಲೆ ಮೊಳಗುತ್ತದೆ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗಿನ ಈ ವಿರಾಮದಲ್ಲಿ ಮಾಡಬಾರದ ಕೆಲಸಗಳನ್ನು ಮಿಶ್ನಾ ಎಂಬ ಪ್ರಾಚೀನ ಶಾಸ್ತ್ರಸಂಗ್ರಹ 39 ಬಗೆಗಳಾಗಿ ಎಣಿಸಿದೆ. ಉಳುವುದು, ನೇಯುವುದು, ಬೆಂಕಿ ಹೊತ್ತಿಸುವುದು, ಎರಡಕ್ಷರ ಬರೆಯುವುದು, ಮನೆಯೊಳಗಿನ ವಸ್ತುವನ್ನು ಬೀದಿಗೆ ಹೊತ್ತೊಯ್ಯುವುದು ಎಲ್ಲವೂ ಅದರಲ್ಲಿ ಸೇರಿವೆ. ಕಾರು ಓಡಿಸುವುದು, ವಿದ್ಯುತ್ ಗುಂಡಿ ಒತ್ತುವುದು ಮೊದಲಾದ ಹೊಸ ಕಾಲದ ಕೆಲಸಗಳ ವಿಚಾರವನ್ನೂ ಈ ಹಳೆಯ ಎಣಿಕೆಯ ನೆರಳಿನಲ್ಲಿಯೇ ಶಾಸ್ತ್ರಜ್ಞರು ನಿರ್ಣಯಿಸುತ್ತ ಬಂದಿದ್ದಾರೆ.

ಮಾರುಕಟ್ಟೆಯಿಂದ ನಡೆದೇ ತಲುಪಬಹುದಾದಷ್ಟು ಹತ್ತಿರದಲ್ಲಿ ಮೇಯಾ ಶೆಆರಿಮ್ ಕೇರಿ ಇದೆ. ಹಳೆಯ ಕೋಟೆಯೊಳಗಿನ ಇಕ್ಕಟ್ಟು ತಾಳಲಾರದೆ ಹೊರಬಂದ ಧರ್ಮನಿಷ್ಠ ಕುಟುಂಬಗಳು 1874ರಲ್ಲಿ ಕಟ್ಟಿಕೊಂಡ ಈ ಕೇರಿಯಲ್ಲಿ ಮನೆಗಳು ಅಂಗಳವನ್ನು ಸುತ್ತುವರಿದು ನಿಂತಿವೆ. ಮನೆಮಾತು ಇಂದಿಗೂ ಪೂರ್ವ ಯೂರೋಪಿನಿಂದ ಬಂದ ಯಿದ್ದಿಷ್. ಪ್ರಾರ್ಥನೆಯ ಭಾಷೆಯಾದ ಹೀಬ್ರೂವನ್ನು ಸಂತೆ ಮಾತಿಗೆ ಬಳಸಲು ಹಲವರು ಒಪ್ಪುವುದಿಲ್ಲ. ಹೆಂಗಸರು ಮೈತುಂಬ ಬಟ್ಟೆ ತೊಟ್ಟು ಬರಬೇಕೆಂದು ಕೇಳಿಕೊಳ್ಳುವ ಫಲಕಗಳ ಪಕ್ಕದಲ್ಲಿ, ಪಶ್ಕವಿಲ್ ಎಂದು ಕರೆಯಲಾಗುವ ಗೋಡೆಪತ್ರಗಳು ಪದರ ಪದರವಾಗಿ ಅಂಟಿಕೊಂಡಿರುತ್ತವೆ. ಸಾವಿನ ಸುದ್ದಿ, ಗುರುಗಳ ಕಟ್ಟಪ್ಪಣೆ, ಸೇನೆಗೆ ಸೇರುವವರ ಮೇಲಿನ ಖಂಡನೆ ಎಲ್ಲವೂ ಅಲ್ಲೇ ಪ್ರಕಟವಾಗುತ್ತದೆ. ಜಿಯೋನಿಸಂ, ಅಂದರೆ ಯಹೂದಿಗಳು ತಮ್ಮ ಪ್ರಾಚೀನ ನಾಡಿನಲ್ಲಿ ತಮ್ಮದೇ ರಾಷ್ಟ್ರವನ್ನು ಕಟ್ಟಬೇಕೆಂಬ ಆಧುನಿಕ ರಾಜಕೀಯ ವಿಚಾರ, ಯಹೂದಿ ಧರ್ಮಕ್ಕೆ ಸಲ್ಲದೆಂದು ಸಾರುವ ಬರಹಗಳೂ ಅದೇ ಗೋಡೆಗಳ ಮೇಲಿವೆ. ಇಸ್ರೇಲಿನ ರಾಜಧಾನಿಯ ನಡುವೆ, ಅತ್ಯಂತ ನಿಷ್ಠುರವಾಗಿ ಸಬ್ಬತ್ ಪಾಲಿಸುವವರ ಕೇರಿಯಲ್ಲಿ, ಇಸ್ರೇಲ್ ಇರಕೂಡದೆಂಬ ಮಾತು ಬಹಿರಂಗವಾಗಿ ನಿಂತಿರುವುದನ್ನು ಕಂಡ ಪರಸ್ಥಳದವರು ಬೆರಗಾಗುವುದು ಸಹಜ. ಅದನ್ನು ಕೇವಲ ವಿಚಿತ್ರವೆಂದು ಬಗೆದು ಮುಂದೆ ಸಾಗಿದರೆ ಯಹೂದಿ ಚಿಂತನೆಯ ಒಂದು ದೊಡ್ಡ ಎಳೆಯೇ ಕೈತಪ್ಪುತ್ತದೆ.

ಆ ಎಳೆ ತಾಲ್ಮುಡ್ ಎಂಬ ಶಾಸ್ತ್ರಚರ್ಚೆಯ ಮಹಾಗ್ರಂಥದಿಂದ ಬಂದದ್ದು. ಜೆರುಸಲೇಮಿನ ದೇವಾಲಯ ನಾಶವಾಗಿ ಜನ ಚದುರಿದಾಗ ದೇವರು ಮೂರು ಆಣೆಗಳನ್ನು ಹಾಕಿಸಿದನೆಂಬ ಪ್ರಸಂಗ ಅಲ್ಲಿದೆ: ಜನರು ಬಲದಿಂದ ಒಗ್ಗೂಡಿ ಆ ನಾಡಿಗೆ ನುಗ್ಗಬಾರದು, ಪರರಾಜ್ಯಗಳ ಮೇಲೆ ದಂಗೆ ಏಳಬಾರದು, ಪರರಾಜ್ಯಗಳೂ ಇವರನ್ನು ಮಿತಿಮೀರಿ ಪೀಡಿಸಬಾರದು. ಈ ಪ್ರಸಂಗವನ್ನು ಕಟ್ಟಳೆಯೆಂದು ತೆಗೆದುಕೊಂಡವರಿಗೆ, ಮೆಸ್ಸೀಯ ಎಂಬ ಉದ್ಧಾರಕ ಬರುವ ಮುನ್ನ ಮನುಷ್ಯರು ತಾವಾಗಿಯೇ ರಾಜ್ಯ ಸ್ಥಾಪಿಸುವುದು ದೇವರ ಕೈಯ ಕೆಲಸವನ್ನು ಕಿತ್ತುಕೊಂಡಂತೆ ಕಾಣುತ್ತದೆ. 1912ರಲ್ಲಿ ಸ್ಥಾಪನೆಯಾದ ಅಗುದತ್ ಇಸ್ರಾಯೇಲ್ ಎಂಬ ಧಾರ್ಮಿಕ ಸಂಘಟನೆ ಕಾಲಕ್ರಮದಲ್ಲಿ ಜಿಯೋನಿಸ್ಟರೊಡನೆ ವ್ಯವಹರಿಸತೊಡಗಿದಾಗ, ಅದನ್ನು ಸಹಿಸದವರು ಸಿಡಿದು ಹೋಗಿ 1938ರಲ್ಲಿ ಕಟ್ಟಿದ ಪುಟ್ಟ ಗುಂಪೇ ನತುರೆ ಕಾರ್ತಾ. ಹರೇದಿ ಎಂದು ಕರೆಸಿಕೊಳ್ಳುವ ಕಟ್ಟುನಿಟ್ಟಿನ ಧರ್ಮನಿಷ್ಠರಲ್ಲಿ ಬಹುಪಾಲು ಮಂದಿ ಅವರಷ್ಟು ದೂರ ಹೋಗುವುದಿಲ್ಲ; ರಾಷ್ಟ್ರಕ್ಕೆ ಪವಿತ್ರತೆಯನ್ನು ಒಪ್ಪದೆ, ಅದರ ಸಂಸತ್ತಿನಲ್ಲಿ ಕುಳಿತು ತಮ್ಮ ಪಾಠಶಾಲೆಗಳಿಗೆ ಅನುದಾನ ಕೇಳುವ ನಡುದಾರಿ ಅವರದು.

ಅದೇ ನಗರದ ಪಶ್ಚಿಮ ಭಾಗದಲ್ಲಿರುವ ಮೆರ್ಕಾಜ್ ಹರಾವ್ ಎಂಬ ಯೆಶಿವಾ, ಅಂದರೆ ತಾಲ್ಮುಡ್ ಪಾಠಶಾಲೆ, ಇದೇ ಗ್ರಂಥಗಳಿಂದ ತದ್ವಿರುದ್ಧವಾದ ನಿರ್ಣಯಕ್ಕೆ ಬಂದವರ ತವರು. ಇದನ್ನು ಸ್ಥಾಪಿಸಿದ ರಬ್ಬಿ ಅಬ್ರಹಾಂ ಐಸಾಕ್ ಕೂಕ್ (1865–1935) ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೈನಿನಲ್ಲಿ ಯೂರೋಪ್ ಮೂಲದ ಯಹೂದಿಗಳ ಮೊದಲ ಮುಖ್ಯ ರಬ್ಬಿಯಾಗಿದ್ದರು. ಸಬ್ಬತ್ ಮುರಿದು, ಕೋಶರ್ ಎಂಬ ಆಹಾರ ನಿಯಮವನ್ನು ಕೈಬಿಟ್ಟು, ಹೊಲ ಉಳುತ್ತಿದ್ದ ನಾಸ್ತಿಕ ತರುಣರ ದುಡಿಮೆಯೂ ಅವರಿಗೇ ತಿಳಿಯದಂತೆ ದೈವಸಂಕಲ್ಪವನ್ನು ನೆರವೇರಿಸುತ್ತಿದೆ ಎಂದು ಅವರು ನಂಬಿದ್ದರು. ಆ ಮಾತಿನಲ್ಲಿದ್ದ ವಿಶಾಲ ಕರುಣೆ, 1967ರ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆಯನ್ನು ಗೆದ್ದ ಮೇಲೆ, ಮಗ ತ್ಸ್ವಿ ಯೆಹೂದಾ ಕೂಕ್ ಅವರ ಶಿಷ್ಯರ ಕೈಯಲ್ಲಿ ಗಟ್ಟಿ ರಾಜಕೀಯವಾಯಿತು. 1974ರಲ್ಲಿ ಅವರು ಕಟ್ಟಿದ ಗುಶ್ ಎಮುನಿಮ್ ಚಳವಳಿ, ಬೈಬಲಿನಲ್ಲಿ ಹೆಸರಿಸಿದ ಬೆಟ್ಟಗಳ ಮೇಲೆ ವಸಾಹತು ಹೂಡುವುದನ್ನು ಧಾರ್ಮಿಕ ವಿಧಿಯೆಂದೇ ಎಣಿಸಿತು. ಅಲ್ಲಿ ಪೀಳಿಗೆಗಳಿಂದ ಬಾಳುತ್ತಿದ್ದ ಪ್ಯಾಲೆಸ್ಟೀನಿಯರು ಇದಕ್ಕೆ ತೆತ್ತ ಬೆಲೆಯನ್ನು ಮರೆತು ಈ ಭಕ್ತಿಯ ಕುರಿತು ಬರೆಯುವುದು ನ್ಯಾಯವಲ್ಲ. ಕಾಲ್ನಡಿಗೆಯ ದೂರದಲ್ಲಿರುವ ಈ ಎರಡು ಲೋಕಗಳ ಅಂತರ, ಇಯ್ಯಾರ್ ಮಾಸದ ಐದನೆಯ ದಿನಕ್ಕೆ ಹೊಂದಿಕೊಂಡು ಬರುವ ಸ್ವಾತಂತ್ರ್ಯೋತ್ಸವದಂದು ಎದ್ದು ಕಾಣುತ್ತದೆ. ಪಾಠಶಾಲೆಯಲ್ಲಿ ಹಬ್ಬದ ದಿನಗಳಿಗೆ ಮೀಸಲಾದ ಸ್ತುತಿಗೀತೆಗಳನ್ನು ಹಾಡುತ್ತಿರುವಾಗ, ಮೇಯಾ ಶೆಆರಿಮ್‌ನ ಕೆಲವು ಮನೆಗಳ ಮೇಲೆ ಕಪ್ಪು ಬಾವುಟ ಹಾರುತ್ತಿರುತ್ತದೆ.

ಧರ್ಮನಿಷ್ಠರೆಂದರೆ ಈ ಎರಡರಲ್ಲಿ ಒಂದಕ್ಕೆ ಸೇರಲೇಬೇಕು ಎಂಬ ತಿಳಿವನ್ನು ಅಲುಗಿಸಿದ ಇಬ್ಬರನ್ನು ಇಲ್ಲಿ ನೆನೆಯಬೇಕು. ರಿಗಾದಲ್ಲಿ ಹುಟ್ಟಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಯೆಶಾಯಾಹು ಲೈಬೋವಿತ್ಸ್ (1903–1994) ದಿನದ ಪ್ರಾರ್ಥನೆಯನ್ನಾಗಲಿ ಸಬ್ಬತ್ತಿನ ನಿಯಮವನ್ನಾಗಲಿ ಬಿಡದವರು. ಆಚರಣೆ ದೇವರ ಸೇವೆಗೆ ಮಾತ್ರ ಸಲ್ಲಬೇಕು, ನೆಲವನ್ನೂ ಸೇನೆಯನ್ನೂ ರಾಷ್ಟ್ರವನ್ನೂ ಪವಿತ್ರವೆನ್ನುವುದು ವಿಗ್ರಹಾರಾಧನೆಗೆ ಸಮ ಎಂದು ವಾದಿಸಿ, 1967ರ ಗೆಲುವಿನ ಬೆನ್ನಲ್ಲೇ, ಗೆದ್ದ ಪ್ರದೇಶಗಳಿಂದ ಹಿಂದೆ ಸರಿಯಬೇಕೆಂದು ಅವರು ಒತ್ತಾಯಿಸಿದರು. ಇನ್ನೊಬ್ಬರು ಬಾಗ್ದಾದಿನಲ್ಲಿ ಹುಟ್ಟಿದ ರಬ್ಬಿ ಓವದಿಯಾ ಯೋಸೆಫ್ (1920–2013). ಅರಬ್ ನಾಡುಗಳಿಂದ ವಲಸೆ ಬಂದ ಯಹೂದಿಗಳ ಗೌರವವನ್ನು ಎತ್ತಿಹಿಡಿದ ಶಾಸ್ ಪಕ್ಷದ ಗುರುವಾದ ಅವರು, ಪ್ರಾಣ ಉಳಿಸುವುದು ಉಳಿದ ಕಟ್ಟಳೆಗಳಿಗಿಂತ ಮಿಗಿಲು ಎಂಬ ಶಾಸ್ತ್ರಸೂತ್ರವನ್ನು ಹಿಡಿದು, ನಿಜವಾಗಿ ಜೀವಗಳು ಉಳಿಯುವುದಾದರೆ ಭೂಮಿಯನ್ನು ಬಿಟ್ಟುಕೊಡಬಹುದು ಎಂದು ತೀರ್ಪಿತ್ತರು. ಆ ತೀರ್ಪಿಗೆ ಮುಂದೆ ತಾವೇ ಷರತ್ತುಗಳನ್ನು ಸೇರಿಸಿದರೆಂಬುದೂ ನಿಜ. ಲೈಬೋವಿತ್ಸ್ ಅವರ ಮಾತಿನಲ್ಲಿ ಒರಟುತನ ಇತ್ತು. ಆದರೂ ಭಕ್ತಿಯು ಅಧಿಕಾರದ ಊಳಿಗಕ್ಕೆ ಇಳಿಯಬಾರದೆಂಬ ಅವರ ಎಚ್ಚರ ಎಲ್ಲ ಧರ್ಮಗಳ ನಾಡುಗಳಿಗೂ ಬೇಕಾದದ್ದು.

1948ರ ಮೇ 14ರಂದು ಟೆಲ್ ಅವೀವ್‌ನಲ್ಲಿ ಸ್ವಾತಂತ್ರ್ಯದ ಘೋಷಣೆಯನ್ನು ಓದಿದ್ದು ಸಂಜೆ ನಾಲ್ಕು ಗಂಟೆಗೆ. ಬ್ರಿಟಿಷ್ ಅಧಿಕಾರ ಕೊನೆಗೊಳ್ಳುವುದು ನಡುರಾತ್ರಿಗೆ ಎಂದಿದ್ದರೂ ಅಂದು ಶುಕ್ರವಾರವಾದ್ದರಿಂದ, ಸಬ್ಬತ್ ಕಾಲಿಡುವ ಮುನ್ನ ಅದು ಮುಗಿಯಬೇಕಿತ್ತು. ಅದನ್ನು ಓದಿದ ಡೇವಿಡ್ ಬೆನ್ ಗುರಿಯನ್ ಆಚರಣೆಗಳಿಂದ ದೂರವಿದ್ದ ಸಮಾಜವಾದಿ. ಹಿಂದಿನ ವರ್ಷ ಅಗುದತ್ ಇಸ್ರಾಯೇಲ್‌ಗೆ ಕಳುಹಿಸಿದ ಪತ್ರವೊಂದರಲ್ಲಿ, ಶನಿವಾರವೇ ವಾರದ ರಜೆ, ಸರ್ಕಾರಿ ಅಡುಗೆಮನೆಗಳಲ್ಲಿ ಕೋಶರ್ ಆಹಾರ, ಧಾರ್ಮಿಕ ಶಿಕ್ಷಣಕ್ಕೆ ಸ್ವಾಯತ್ತತೆ ಎಂಬ ಭರವಸೆಗಳನ್ನು ನೀಡಿ, ಮದುವೆ ವಿಚ್ಛೇದನಗಳ ವಿಷಯದಲ್ಲಿಯೂ ಧರ್ಮನಿಷ್ಠರ ಅಗತ್ಯವನ್ನು ಗಮನಿಸುವುದಾಗಿ ಅವರೂ ಅವರ ಸಹೋದ್ಯೋಗಿಗಳೂ ಒಪ್ಪಿದ್ದರು. ರಾಷ್ಟ್ರ ಹುಟ್ಟಿದ ಹೊಸತರಲ್ಲಿ ಸುಮಾರು 400 ಯೆಶಿವಾ ವಿದ್ಯಾರ್ಥಿಗಳಿಗೆ ಸೇನಾ ಸೇವೆಯಿಂದ ಕೊಟ್ಟ ವಿನಾಯಿತಿ ಬೆಳೆದು ಹತ್ತಾರು ಸಾವಿರ ತರುಣರನ್ನು ಮುಟ್ಟಿತು. 2024ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಕಾನೂನಿನ ಆಧಾರವಿಲ್ಲವೆಂದು ಒಮ್ಮತದಿಂದ ಹೇಳಿತು. ಮಕ್ಕಳನ್ನು ಯುದ್ಧಕ್ಕೆ ಕಳುಹಿಸುವ ಮನೆಗಳಿಗೂ, ಅಧ್ಯಯನವೇ ನಾಡನ್ನು ಕಾಯುತ್ತದೆಂದು ನಂಬುವ ಮನೆಗಳಿಗೂ ಇದು ಕರುಳಿನ ಪ್ರಶ್ನೆ.

ಈ ಜಗಳಗಳ ಸದ್ದಿನಲ್ಲಿ ದೊಡ್ಡ ಸಮುದಾಯವೊಂದು ಕಣ್ಣಿಗೆ ಬೀಳದೆ ಹೋಗುತ್ತದೆ. ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಇಸ್ರೇಲಿನ ವಯಸ್ಕ ಯಹೂದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಮ್ಮನ್ನು ಲೌಕಿಕರೆಂದೂ, ಶೇ. 29ರಷ್ಟು ಮಂದಿ ಮಸೋರ್ತಿ, ಅಂದರೆ ಸಂಪ್ರದಾಯವಂತರೆಂದೂ ಕರೆದುಕೊಳ್ಳುತ್ತಾರೆ. ಮೊರಾಕೊ, ಇರಾಕ್, ಯೆಮನ್ ಮೂಲದ ಅನೇಕ ಮಸೋರ್ತಿ ಮನೆಗಳಲ್ಲಿ ಶುಕ್ರವಾರ ರಾತ್ರಿ ದ್ರಾಕ್ಷಾರಸದ ಬಟ್ಟಲು ಹಿಡಿದು ಸಬ್ಬತ್ತನ್ನು ಬರಮಾಡಿಕೊಂಡು, ಮರುದಿನ ಕಡಲ ದಂಡೆಗೋ ಕಾಲ್ಚೆಂಡಾಟಕ್ಕೋ ಕಾರಿನಲ್ಲಿ ಹೋಗುವುದುಂಟು. ಅವರಿಗೆ ಇವೆರಡರ ನಡುವೆ ವಿರೋಧ ತೋರುವುದಿಲ್ಲ. 1977ರ ಚುನಾವಣೆಯಲ್ಲಿ ಮೆನಾಖೆಮ್ ಬೆಗಿನ್ ಅವರ ಲಿಕುಡ್ ಪಕ್ಷವನ್ನು ಅಧಿಕಾರಕ್ಕೆ ತಂದ ಬಲದಲ್ಲಿ ಇಂಥ ಮನೆಗಳ ಪಾಲು ದೊಡ್ಡದು. ನಾಡಿನ ಬಹುಪಾಲು ಊರುಗಳಲ್ಲಿ ಶನಿವಾರ ಬಸ್ಸುಗಳು ನಿಂತರೂ ಕಾರ್ಮಿಕರ ನಗರವಾಗಿ ಬೆಳೆದ ಹೈಫಾದಲ್ಲಿ ಕೆಲವು ಓಡುತ್ತಲೇ ಬಂದಿವೆ. ಕಾರ್ಮೆಲ್ ಬೆಟ್ಟದ ಇಳಿಜಾರಿನ ಆ ನಗರವನ್ನು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಸವಾರರು ಆಟೊಮನ್ ತುರ್ಕರಿಂದ ಗೆದ್ದುಕೊಂಡಿದ್ದರೆಂಬುದು ಕನ್ನಡ ಯಾತ್ರಿಕರಿಗೆ ಅಲ್ಲಿ ನೆನಪಾಗದೆ ಇರದು.

ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದರೆ, ವಿಲಿಯಮ್ಸ್‌ಬರ್ಗ್‌ನ ಲೀ ಅವೆನ್ಯೂ ಬೀದಿಯಲ್ಲಿ ಮತ್ತೆ ಯಿದ್ದಿಷ್ ಕಿವಿಗೆ ಬೀಳುತ್ತದೆ. ಇದು ಸಾತ್ಮಾರ್ ಹಸೀದಿಗಳ ನೆಲೆ. ಹಸೀದಿಗಳೆಂದರೆ ರೆಬ್ಬೆ ಎಂಬ ವಂಶಪಾರಂಪರ್ಯದ ಗುರುವನ್ನು ಸುತ್ತುವರಿದು ಬಾಳುವ ಭಕ್ತಿಪಂಥದವರು. ನಾಜಿಗಳ ಬೆರ್ಗೆನ್-ಬೆಲ್ಸೆನ್ ಶಿಬಿರದಿಂದ ಬದುಕಿ ಉಳಿದು 1946ರಲ್ಲಿ ಇಲ್ಲಿಗೆ ಬಂದ ರೆಬ್ಬೆ ಜೋಯೆಲ್ ಟೈಟೆಲ್‌ಬೌಮ್ (1887–1979), ಸತ್ತವರ ನೆನಪಿನ ಮೇಲೆ ಈ ಸಮುದಾಯವನ್ನು ಮರಳಿ ಕಟ್ಟಿದರು. ಮೂರು ಆಣೆಗಳನ್ನು ವಿಸ್ತರಿಸಿ ಅವರು ಬರೆದ ‘ವಯೋಯೆಲ್ ಮೋಶೆ’ ಜಿಯೋನಿಸಂ ವಿರುದ್ಧದ ಶಾಸ್ತ್ರವಾದಕ್ಕೆ ಇಂದಿಗೂ ಆಧಾರಗ್ರಂಥ. ಯೂರೋಪಿನ ಅಷ್ಟೊಂದು ಯಹೂದಿಗಳು ಹತರಾದ ಮೇಲೆ ಬಹುಮಂದಿ ಸ್ವಂತ ರಾಷ್ಟ್ರವಿಲ್ಲದೆ ಉಳಿಗಾಲವಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರೆ, ಅದೇ ಬೆಂಕಿಯಿಂದ ಹೊರಬಂದ ಈ ಗುರುವಿನ ತೀರ್ಮಾನ ಸಂಪೂರ್ಣ ಬೇರೆಯಾಗಿತ್ತು. ಯಹೂದಿ ರಾಷ್ಟ್ರದ ರಾಜಕಾರಣದಿಂದ ದೂರ ನಿಂತ ಅವರ ಅನುಯಾಯಿಗಳು ಅಮೆರಿಕದ ರಾಜಕಾರಣದಲ್ಲಿ ನುರಿತವರು. ನಗರದ ಉತ್ತರಕ್ಕೆ ಅವರು ಕಟ್ಟಿಕೊಂಡ ಕಿರ್ಯಾಸ್ ಜೋಯೆಲ್ ಎಂಬ ಊರು 1977ರಲ್ಲಿ ಸ್ಥಳೀಯ ಸಂಸ್ಥೆಯ ಮಾನ್ಯತೆ ಪಡೆಯಿತು. ಅಲ್ಲಿನ ಅಂಗವಿಕಲ ಮಕ್ಕಳಿಗಾಗಿ ರಾಜ್ಯ ಸರ್ಕಾರ ರಚಿಸಿದ ಪ್ರತ್ಯೇಕ ಶಾಲಾ ವಲಯವನ್ನು, ಧರ್ಮವನ್ನೂ ಪ್ರಭುತ್ವವನ್ನೂ ಬೆರೆಸಿದ ಕಾರಣಕ್ಕೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ರದ್ದುಪಡಿಸಿತು. ವಿಲಿಯಮ್ಸ್‌ಬರ್ಗ್‌ನಿಂದ ಕೆಲವೇ ಕಿಲೋಮೀಟರ್ ದೂರದ ಕ್ರೌನ್ ಹೈಟ್ಸ್‌ನಲ್ಲಿ ಖಬಾದ್ ಎಂಬ ಇನ್ನೊಂದು ಹಸೀದಿ ಪಂಥದ ಕೇಂದ್ರವಿದೆ. ಅದರ ರೆಬ್ಬೆ ಮೆನಾಖೆಮ್ ಮೆಂಡೆಲ್ ಷ್ನೀಯರ್‌ಸನ್ (1902–1994) ಜಿಯೋನಿಸ್ಟ್ ಆಗಿರದಿದ್ದರೂ, ಪ್ರಾಣರಕ್ಷಣೆಯ ಅದೇ ಸೂತ್ರವನ್ನು ಹಿಡಿದು, 1967ರಲ್ಲಿ ಗೆದ್ದ ಭೂಮಿಯನ್ನು ಎಳ್ಳಷ್ಟೂ ಬಿಟ್ಟುಕೊಡಬಾರದೆಂದು ಪಟ್ಟುಹಿಡಿದರು. ಓವದಿಯಾ ಯೋಸೆಫ್ ಅವರನ್ನು ಒಪ್ಪಂದದ ಕಡೆಗೆ ಒಯ್ದ ಸೂತ್ರ ಇವರನ್ನು ಅದರ ಎದುರು ದಡಕ್ಕೆ ಒಯ್ದಿತು.

ಅಮೆರಿಕದ ಹೆಚ್ಚಿನ ಯಹೂದಿಗಳ ಕಥೆ ಈ ಬೀದಿಗಳಲ್ಲಿ ಇಲ್ಲ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಒಹಾಯೊ ನದಿಯ ದಡದ ಸಿನ್ಸಿನಾಟಿಯಲ್ಲಿ. ಧರ್ಮವನ್ನು ಕಾಲಕ್ಕೆ ಹೊಂದಿಸಬೇಕೆಂದ ರಿಫಾರ್ಮ್ ಪಂಥದ ರಬ್ಬಿಗಳನ್ನು ತರಬೇತುಗೊಳಿಸುವ ಕಾಲೇಜು 1875ರಲ್ಲಿ ಅಲ್ಲಿ ಆರಂಭವಾಯಿತು. 1883ರಲ್ಲಿ ಅದರ ಮೊದಲ ಪದವೀಧರರ ಗೌರವಾರ್ಥ ನಡೆದ ಔತಣದಲ್ಲಿ, ಕೋಶರ್ ನಿಯಮ ನಿಷೇಧಿಸುವ ಏಡಿ, ಸೀಗಡಿಗಳನ್ನು ಬಡಿಸಿದ್ದು ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ಎರಡು ವರ್ಷಗಳ ಬಳಿಕ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ಈ ಪಂಥದ ರಬ್ಬಿಗಳು, ಯಹೂದಿಗಳು ಇನ್ನು ರಾಷ್ಟ್ರವಲ್ಲ, ಧಾರ್ಮಿಕ ಸಮುದಾಯ ಮಾತ್ರ, ಪ್ಯಾಲೆಸ್ಟೈನಿಗೆ ಮರಳುವ ನಿರೀಕ್ಷೆ ತಮಗಿಲ್ಲ ಎಂದು ಸಾರಿದರು. ಏಡಿಯನ್ನು ಸಹಿಸಿದ ಈ ಸುಧಾರಕರೂ, ತಟ್ಟೆಯನ್ನು ನೂರು ಸಲ ಪರೀಕ್ಷಿಸುವ ಸಾತ್ಮಾರ್ ಹಸೀದಿಗಳೂ ರಾಷ್ಟ್ರದ ಪ್ರಶ್ನೆಯಲ್ಲಿ ಒಂದೇ ಉತ್ತರ ಹೇಳಿದ್ದಾರೆ. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1937ರಲ್ಲಿ ಕೊಲಂಬಸ್ ನಗರದಲ್ಲಿ, ಅದೇ ಪಂಥ ತನ್ನ ನಿಲುವನ್ನು ಬದಲಿಸಿ ಪ್ಯಾಲೆಸ್ಟೈನಿನಲ್ಲಿ ಯಹೂದಿ ನೆಲೆಯನ್ನು ಕಟ್ಟುವುದಕ್ಕೆ ಬೆಂಬಲ ಕೊಟ್ಟಿತು. ಆದರೂ ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಗಂಡಸರೂ ಹೆಂಗಸರೂ ಕೂಡಿ ಪ್ರಾರ್ಥಿಸುವ ಜಾಗಕ್ಕೆ 2016ರಲ್ಲಿ ಇಸ್ರೇಲಿನ ಸಂಪುಟ ನೀಡಿದ ಒಪ್ಪಿಗೆ ಮರುವರ್ಷವೇ ತಡೆಹಿಡಿಯಲ್ಪಟ್ಟಾಗ, ತಾವು ಪ್ರೀತಿಸುವ ರಾಷ್ಟ್ರ ತಮ್ಮ ಆಚರಣೆಯನ್ನು ಒಪ್ಪುವುದಿಲ್ಲವೆಂಬ ನೋವು ಅವರನ್ನು ಬಲವಾಗಿ ತಟ್ಟಿತು.

ಸೋವಿಯತ್ ಮಾಸ್ಕೋದಲ್ಲಿ ಈ ವಾದಗಳಾವುವೂ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಗುರುತಿನ ಪತ್ರದಲ್ಲಿ ‘ಯಹೂದಿ’ ಎಂಬುದು ರಾಷ್ಟ್ರೀಯತೆಯಾಗಿ ನಮೂದಾಗಿತ್ತು, ಧರ್ಮವನ್ನು ಕಲಿಯುವ ದಾರಿಗಳು ಮಾತ್ರ ಮುಚ್ಚಿದ್ದವು. 1960ರ ದಶಕದಲ್ಲಿ, ತೋರಾ ಪಾರಾಯಣದ ಸಂವತ್ಸರ ಮುಗಿಯುವ ಸಿಮ್ಖತ್ ತೋರಾ ಹಬ್ಬದ ರಾತ್ರಿ, ಪ್ರಾರ್ಥನೆಯ ಒಂದಕ್ಷರವೂ ಬಾರದ ತರುಣ ತರುಣಿಯರು ಅರ್ಖಿಪೋವಾ ಬೀದಿಯ ಸಿನಗಾಗ್ ಎದುರು ಸಾವಿರಾರು ಸಂಖ್ಯೆಯಲ್ಲಿ ನೆರೆದು ಹಾಡಿ ಕುಣಿದರು. ಪ್ರಭುತ್ವ ಅಳಿಸಲು ಹೊರಟ ಗುರುತನ್ನು ಬಹಿರಂಗವಾಗಿ ತೊಡುವುದೇ ಅಲ್ಲಿ ರಾಜಕೀಯವಾಗಿತ್ತು, ಅದಕ್ಕೆ ಒದಗಿಬಂದದ್ದು ಹಬ್ಬ. ಸೋವಿಯತ್ ಒಕ್ಕೂಟ ಕುಸಿದ ಹೊತ್ತಿಗೆ ಆರಂಭವಾದ ವಲಸೆಯಲ್ಲಿ ಸುಮಾರು ಹತ್ತು ಲಕ್ಷ ಮಂದಿ ಇಸ್ರೇಲಿಗೆ ಹೋದರು. ತಂದೆಯ ಅಥವಾ ಅಜ್ಜನ ಕಡೆಯಿಂದ ಮಾತ್ರ ಯಹೂದಿಗಳಾದವರಿಗೆ ಅಲ್ಲಿ ಪೌರತ್ವ ಸಿಕ್ಕಿತು, ರಬ್ಬಿಗಳ ಬಳಿ ಮದುವೆಯ ನೋಂದಣಿ ಸಿಗಲಿಲ್ಲ. ಅಂಥ ಅನೇಕ ಜೋಡಿಗಳು ಇಂದಿಗೂ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ.

ಭಾರತದ ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರು ಇದೇ ಕಷ್ಟವನ್ನು ಬೇರೊಂದು ಬಾಗಿಲಿನಲ್ಲಿ ಎದುರಿಸಿದರು. ಅಲಿಬಾಗ್ ಸುತ್ತಲಿನ ಹಳ್ಳಿಗಳಲ್ಲಿ ಗಾಣವಾಡಿಸಿ ಎಣ್ಣೆ ತೆಗೆಯುತ್ತಿದ್ದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯ ಮರಾಠಿ ಜನ ಅವರನ್ನು ‘ಶನಿವಾರ್ ತೇಲಿ’, ಶನಿವಾರದ ಗಾಣಿಗರು, ಎಂದೇ ಕರೆದರು. ಹೀಬ್ರೂ ಗ್ರಂಥಗಳು ಮರೆತುಹೋಗಿದ್ದರೂ ಸಬ್ಬತ್, ಸುನ್ನತಿ, ಆಹಾರದ ಕೆಲವು ಕಟ್ಟಳೆ, ದೇವರು ಒಬ್ಬನೇ ಎಂದು ಸಾರುವ ಶೆಮಾ ಪ್ರಾರ್ಥನೆ ಇಷ್ಟನ್ನು ಅವರು ಪೀಳಿಗೆಗಳ ಕಾಲ ಕಾಪಾಡಿಕೊಂಡಿದ್ದರು. ಮುಂಬಯಿಯ ಅವರ ಮೊದಲ ಸಿನಗಾಗ್ 1796ರದು. ಅದನ್ನು ಕಟ್ಟಿಸಿದ ಸ್ಯಾಮುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆ ಸೇರಿದ್ದನೆಂದೂ, ಅವನು ಬೆನೆ ಇಸ್ರಾಯೇಲನೆಂದು ತಿಳಿದ ಸುಲ್ತಾನನ ತಾಯಿ ಪ್ರಾಣ ಉಳಿಸುವಂತೆ ಕೇಳಿಕೊಂಡಳೆಂದೂ, ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ಅವನು ಹರಕೆ ಹೊತ್ತಿದ್ದನೆಂದೂ ಸಮುದಾಯದ ಐತಿಹ್ಯ ಹೇಳುತ್ತದೆ. 1948ರ ಬಳಿಕ ಇವರಲ್ಲಿ ಹೆಚ್ಚಿನವರು ಇಸ್ರೇಲಿಗೆ ವಲಸೆ ಹೋದರು. ಶತಮಾನಗಳ ಕಾಲ ಪ್ರತ್ಯೇಕವಾಗಿದ್ದ ಇವರ ಮದುವೆ, ವಿಚ್ಛೇದನಗಳು ಶಾಸ್ತ್ರಕ್ಕೆ ಸರಿಹೊಂದಿದ್ದವೇ ಎಂಬ ಸಂಶಯ ಎತ್ತಿದ ಮುಖ್ಯ ರಬ್ಬಿಗಳ ಕಚೇರಿ, 1960ರ ದಶಕದ ಆರಂಭದಲ್ಲಿ, ಇತರ ಯಹೂದಿಗಳನ್ನು ಮದುವೆಯಾಗಬಯಸುವ ಬೆನೆ ಇಸ್ರಾಯೇಲರ ಪೂರ್ವಿಕರನ್ನು ತಲೆಮಾರುಗಳ ಹಿಂದಕ್ಕೆ ವಿಚಾರಿಸಬೇಕೆಂದು ಸೂಚಿಸಿತು. ಗಾಣ ನಿಲ್ಲಿಸಿ ಸಬ್ಬತ್ ಉಳಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ಅವರ ಧರಣಿ, ಪ್ರತಿಭಟನೆಗಳ ಫಲವಾಗಿ 1964ರಲ್ಲಿ ಸಂಸತ್ತು ಬೆನೆ ಇಸ್ರಾಯೇಲರು ಎಲ್ಲ ದೃಷ್ಟಿಯಿಂದಲೂ ಯಹೂದಿಗಳೇ ಎಂದು ಸಾರಿತು, ರಬ್ಬಿಗಳು ಆ ಸೂಚನೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಇತ್ತ ಭಾರತದಲ್ಲಿ ಉಳಿದ ಸಣ್ಣ ಸಮುದಾಯಕ್ಕೆ ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು.

ಬೆನೆ ಇಸ್ರಾಯೇಲರ ಧರಣಿಯ ಎರಡು ದಶಕಗಳ ನಂತರ ಇಥಿಯೋಪಿಯದ ಯಹೂದಿಗಳಾದ ಬೇಟಾ ಇಸ್ರಾಯೇಲರು ಮುಖ್ಯ ರಬ್ಬಿಗಳ ಅದೇ ಕಚೇರಿಯ ಎದುರು ಧರಣಿ ಕುಳಿತರು. ಓವದಿಯಾ ಯೋಸೆಫ್ ಅವರು 1973ರಲ್ಲಿಯೇ ಇವರನ್ನು ಯಹೂದಿಗಳೆಂದು ಒಪ್ಪಿದ್ದರೂ, 1984–85ರ ಗುಪ್ತ ವಿಮಾನಯಾನದಲ್ಲಿ ಬಂದಿಳಿದವರು ಮದುವೆಗೆ ಮೊದಲು ಸಾಂಕೇತಿಕ ಮತಾಂತರದ ಸ್ನಾನ ಮಾಡಬೇಕೆಂದು ಕಚೇರಿ ಕೇಳಿದ್ದೇ ಅದಕ್ಕೆ ಕಾರಣ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಕಳೆದ ಐವತ್ತನೆಯ ದಿನ ಅವರು ಆಚರಿಸುವ ಸಿಗ್ದ್ ಹಬ್ಬಕ್ಕೆ 2008ರಲ್ಲಿ ಇಸ್ರೇಲ್ ಕಾನೂನಿನ ಮನ್ನಣೆ ಕೊಟ್ಟಿತು. ಇಥಿಯೋಪಿಯದಲ್ಲಿ ಬೆಟ್ಟ ಹತ್ತಿ, ಉಪವಾಸವಿದ್ದು, ಜೆರುಸಲೇಮಿಗೆ ಮರಳುವ ದಿನಕ್ಕಾಗಿ ಮೊರೆಯಿಡುತ್ತಿದ್ದ ಹಬ್ಬ ಅದು. ಈಗ ಅದು ಜೆರುಸಲೇಮಿನ ದಕ್ಷಿಣದ ದಿಬ್ಬದ ಮೇಲೆಯೇ ನಡೆಯುತ್ತದೆ, ಕೆಸ್ ಎಂಬ ಪುರೋಹಿತರು ಬಣ್ಣದ ಕೊಡೆಗಳಡಿ ನಿಂತು ಪಠಿಸುವಾಗ ಮಂತ್ರಿಗಳೂ ಪಕ್ಷದ ನಾಯಕರೂ ಭಾಷಣಕ್ಕೆ ಬರುತ್ತಾರೆ. ಬಯಸಿದ ಊರನ್ನು ಸೇರಿದ ಮೇಲೂ ಮೊರೆ ಏಕೆ ಎಂಬ ಪ್ರಶ್ನೆ ಆ ಸಮುದಾಯದೊಳಗೇ ಇದೆ. ದೇವಾಲಯ ಇನ್ನೂ ಎದ್ದಿಲ್ಲ, ಆದ್ದರಿಂದ ಮೊರೆ ನಿಲ್ಲಬಾರದು ಎನ್ನುವವರಿದ್ದಾರೆ. ಈ ನಾಡಿನಲ್ಲಿ ಸಮಾನರೆಂದು ಬಾಳುವ ಹಕ್ಕು ಪೂರ್ತಿ ಕೈಗೆ ಬರುವವರೆಗೆ ಹಬ್ಬದ ದಿನ ಅದನ್ನೂ ಕೇಳಬೇಕು ಎಂದು ಇಸ್ರೇಲಿನಲ್ಲೇ ಹುಟ್ಟಿ ಬೆಳೆದ ತರುಣರು ಹೇಳುತ್ತಾರೆ.